ಕಿವಿ ಕಟ್ಟಿದೆಯೇ? ಮೂಗನ್ನೂ ವಿಚಾರಿಸಿ

ಸಹೋದರಿಯರೇ, ಮೊದಲು ನನ್ನದೇ ತಪ್ಪೊಂದನ್ನು ಹೇಳಿಬಿಡುತ್ತೇನೆ. ಎರಡು ಸಲ ಹೆಸರು ಕರೆದರೂ ತಲೆಯೆತ್ತದ ಒಬ್ಬ ಹುಡುಗಿಯನ್ನು ಇಡೀ ತರಗತಿಯ ಮುಂದೆ ಗದರಿದ್ದೆ. ಅದೇ ಮಳೆಗಾಲದಲ್ಲಿ ನನಗೆ ಜೋರು ನೆಗಡಿಯಾಯಿತು. ನೆಗಡಿ ಹೋಯಿತು, ಬಲಗಿವಿ ಮಾತ್ರ ತೆರೆಯಲಿಲ್ಲ. ನೀರಿನೊಳಗೆ ಕುಳಿತು ಮಾತು ಕೇಳಿದಂತೆ ಅನಿಸುತ್ತಿತ್ತು. ಉಗುಳು ನುಂಗಿದರೆ 'ಟಕ್' ಎನ್ನುವ ಸದ್ದು. ಬಲಬದಿಯಿಂದ ಮಕ್ಕಳು ಕೇಳಿದ್ದು ತಿಳಿಯದಾದಾಗ ಆ ಹುಡುಗಿ ನೆನಪಾದಳು.

ನೆರೆಯವರು ಹೇಳಿದರೆಂದು ಬೆಳ್ಳುಳ್ಳಿ ಕಾಯಿಸಿದ ಎಣ್ಣೆಯನ್ನೂ ಕಿವಿಗೆ ಬಿಟ್ಟುಕೊಂಡೆ. ಏನೂ ಪ್ರಯೋಜನವಾಗಲಿಲ್ಲ. ಏಕೆಂದರೆ ಅಡಚಣೆ ಇದ್ದದ್ದು ಕಿವಿಯ ತಮಟೆಯ ಆಚೆಗೆ. ನಡುಗಿವಿಯಿಂದ ಮೂಗಿನ ಹಿಂಭಾಗಕ್ಕೆ ಸುಮಾರು 35 ಮಿಲಿಮೀಟರ್ ಉದ್ದದ ಸಣ್ಣ ನಾಳವೊಂದಿದೆ. 16ನೇ ಶತಮಾನದ ಇಟಲಿಯ ವೈದ್ಯ ಯುಸ್ಟಾಕಿಯ ಹೆಸರಿನಿಂದ ಅದನ್ನು ಯುಸ್ಟೇಷಿಯನ್ ನಾಳ ಎನ್ನುತ್ತಾರೆ. ನುಂಗುವಾಗ, ಆಕಳಿಸುವಾಗ ಅದು ತೆರೆದು ಒಳಗಿನ ಗಾಳಿಯ ಒತ್ತಡವನ್ನು ಸರಿದೂಗಿಸುತ್ತದೆ. ನೆಗಡಿ, ಅಲರ್ಜಿ ಅಥವಾ ಬೀಡಿ-ಸಿಗರೇಟಿನ ಹೊಗೆಯಿಂದ ಒಳಪೊರೆ ಊದಿಕೊಂಡರೆ ನಾಳ ತೆರೆಯುವುದಿಲ್ಲ. ತಮಟೆ ಒಳಕ್ಕೆ ಎಳೆದುಕೊಳ್ಳುತ್ತದೆ, ಕೆಲವೊಮ್ಮೆ ಹಿಂದೆ ನೀರು ತುಂಬುತ್ತದೆ. ಮಕ್ಕಳಲ್ಲಿ ಈ ನಾಳ ಗಿಡ್ಡ ಮತ್ತು ಅಡ್ಡವಾಗಿರುವುದರಿಂದ ತೊಂದರೆ ಹೆಚ್ಚು. ತಮಟೆಯಲ್ಲಿ ತೂತಿದ್ದರೆ ಎಣ್ಣೆ ಒಳಗಿಳಿದು ಸೋಂಕಿಗೂ ದಾರಿಯಾದೀತು.

ಚಿಕಿತ್ಸೆ ಏನು?

ನೆಗಡಿಯಿಂದ ಕಟ್ಟಿದ ಕಿವಿ ಹೆಚ್ಚಾಗಿ ಕೆಲವು ದಿನ ಅಥವಾ ವಾರಗಳಲ್ಲಿ ತಾನೇ ಬಿಡುತ್ತದೆ. ಮೆಲ್ಲಗೆ ಜಗಿಯುವುದು, ಆಕಳಿಸುವುದು ಒಳ್ಳೆಯದು. ಮೂಗು ಹಿಡಿದು, ಬಾಯಿ ಮುಚ್ಚಿ ಗಾಳಿಯನ್ನು ನಿಧಾನವಾಗಿ ಕಿವಿಯತ್ತ ಒತ್ತಬಹುದು. ಆದರೆ ಜೋರು ಮಾಡಬಾರದು, ನೆಗಡಿಯಿರುವಾಗ ಬೇಡವೇ ಬೇಡ. ಹಜ್, ಉಮ್ರಾಗೆ ವಿಮಾನ ಹತ್ತುವವರು ಇಳಿಯುವ ಹೊತ್ತಿನಲ್ಲಿ ನಿದ್ರಿಸದೆ ಏನನ್ನಾದರೂ ಜಗಿಯುತ್ತಿರಲಿ. ಕೈಗೂಸಿಗೆ ಹಾಲೂಡಿಸಿ.

ಮೂಗು ಬಿಡಿಸುವ ಹನಿಗಳನ್ನು ಅಂಗಡಿಯಿಂದ ತಂದು ವಾರಗಟ್ಟಲೆ ಹಾಕಬೇಡಿ. ಅದರಿಂದಲೇ ಮೂಗು ಮತ್ತಷ್ಟು ಕಟ್ಟುತ್ತದೆ. ಸೇಡಂ, ಶಹಾಬಾದ್, ವಾಡಿ ಕಡೆಯ ನಮಗೆ ಧೂಳು ಹೊಸದಲ್ಲ. ನನ್ನದು ಧೂಳಿನ ಅಲರ್ಜಿಯೆಂದು ತಿಳಿದ ವೈದ್ಯರು ಮೂಗಿಗೆ ಸ್ಪ್ರೇ ಕೊಟ್ಟರು. ಅದು ಒಂದೇ ದಿನದಲ್ಲಿ ಗುಣ ತೋರುವುದಿಲ್ಲ, ಹೇಳಿದಷ್ಟು ದಿನ ಬಳಸಬೇಕು. ನನ್ನ ಕಿವಿ ತೆರೆಯಲು ಆರು ವಾರ ಹಿಡಿಯಿತು.

ಮಕ್ಕಳ ಕಿವಿಯ ನೀರು ಸಾಮಾನ್ಯವಾಗಿ ಮೂರು ತಿಂಗಳೊಳಗೆ ಇಂಗುತ್ತದೆ. ಇಂಗದೆ ಕೇಳಿಸುವುದು ಕಡಿಮೆಯಾದರೆ ತಮಟೆಯಲ್ಲಿ ಗ್ರೋಮೆಟ್ ಎಂಬ ಪುಟ್ಟ ಕೊಳವೆ ಇಡುತ್ತಾರೆ. ಅದು ಸಾಮಾನ್ಯವಾಗಿ 6ರಿಂದ 12 ತಿಂಗಳಲ್ಲಿ ತಾನಾಗಿ ಉದುರುತ್ತದೆ. ಮೂಗಿನ ಹಿಂದಿನ ಅಡೆನಾಯ್ಡ್ ಗ್ರಂಥಿ ಊದಿದ್ದರೆ ತೆಗೆಯಬೇಕಾಗಬಹುದು. ದೊಡ್ಡವರಲ್ಲಿ ತೊಂದರೆ ಹಠ ಹಿಡಿದರೆ ನಾಳದೊಳಗೆ ಸಣ್ಣ ಬಲೂನು ಉಬ್ಬಿಸಿ ಅಗಲಿಸುವ ವಿಧಾನವಿದೆ. ಅಮೆರಿಕದಲ್ಲಿ ಅದಕ್ಕೆ 2016ರಲ್ಲಿ ಅನುಮತಿ ಸಿಕ್ಕಿತು. ಎಲ್ಲರಿಗೂ ಅದು ಬೇಕಾಗುವುದಿಲ್ಲ.

ತಡ ಮಾಡಬೇಡಿ

ಇದ್ದಕ್ಕಿದ್ದಂತೆ ಕಿವಿ ಕೇಳಿಸದಾದರೆ, ತೀವ್ರ ನೋವು, ಕೀವು ಅಥವಾ ತಲೆಸುತ್ತು ಬಂದರೆ ಅಂದೇ ಹೋಗಿ. ದೊಡ್ಡವರಲ್ಲಿ ಒಂದೇ ಕಿವಿ ವಾರಗಟ್ಟಲೆ ಕಟ್ಟಿಕೊಂಡು, ಮೂಗಿನಿಂದ ರಕ್ತ ಅಥವಾ ಕುತ್ತಿಗೆಯಲ್ಲಿ ಗಂಟು ಕಂಡರೆ ಮೂಗಿನ ಹಿಂಭಾಗದ ಪರೀಕ್ಷೆ ಆಗಲೇಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ, ಸರ್ಕಾರಿ ಶಾಲೆಗೆ ಬಂದಾಗ ಮಗುವಿನ ಕಿವಿಯ ಬಗ್ಗೆ ಬಾಯಿಬಿಟ್ಟು ಹೇಳಿ.

ಆ ಹುಡುಗಿಯ ತಾಯಿಯನ್ನು ಕರೆದು ಕೇಳಿದೆ. "ಬಾಯಿ ತೆರೆದೇ ಮಲಗ್ತಾಳೆ ಆಪಾ, ಗೊರಕೆ ಹೊಡೀತಾಳೆ, ಟಿ.ವಿ. ಜೋರಾಗಿ ಇಡ್ತಾಳೆ" ಎಂದರು. ಪರೀಕ್ಷೆ ಮಾಡಿಸಿದಾಗ ಎರಡೂ ಕಿವಿಗಳಲ್ಲಿ ನೀರಿತ್ತು. ಅಡೆನಾಯ್ಡ್ ತೆಗೆದು ಗ್ರೋಮೆಟ್ ಇಟ್ಟರು. ನಾನು ತರಗತಿಯ ಮುಂದೆಯೇ ಅವಳ ಕ್ಷಮೆ ಕೇಳಿದೆ. ಗದರಿದ್ದೂ ಅಲ್ಲಿಯೇ ಅಲ್ಲವೇ?

ನಿಮ್ಮ ಮಗು ಕರೆದರೆ ಓಗೊಡುತ್ತಿಲ್ಲವೇ? ಬೈಯುವ ಮುನ್ನ ಒಮ್ಮೆ ಹಿಂದೆ ನಿಂತು ಮೆಲುದನಿಯಲ್ಲಿ ಅದರ ಹೆಸರು ಕರೆದು ನೋಡಿ. ತಿರುಗದಿದ್ದರೆ ಕಿವಿಯ ವೈದ್ಯರಿಗೆ ತೋರಿಸಿ.