ಹೈಬ್ರಿಡ್ ಕಾರಿನ ಎಚ್ಚರಿಕೆ ದೀಪ: ಗ್ಯಾರೇಜಿಗೆ ಒಯ್ಯುವ ಮುನ್ನ

ಹೊರನಾಡಿನಲ್ಲಿ ನೆಲೆಸಿರುವ ನಮ್ಮ ಅನೇಕ ಕುಟುಂಬಗಳಲ್ಲಿ ಈಗ ಹೈಬ್ರಿಡ್ ಕಾರುಗಳಿವೆ. 2022ರಲ್ಲಿ ಪರಿಚಯವಾದ ಹೈರೈಡರ್ ಮತ್ತು ಇನ್ನೋವಾ ಹೈಕ್ರಾಸ್ ತಯಾರಾಗುವುದು ನಮ್ಮ ಬಿಡದಿಯಲ್ಲೇ ಎಂಬುದು ಕನ್ನಡಿಗರಿಗೆ ಸಣ್ಣ ಹೆಮ್ಮೆಯ ಸಂಗತಿ. ಆದರೆ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪವೊಂದು ಹೊತ್ತಿದೊಡನೆ ಹೆಮ್ಮೆ ಹಿಂದೆ ಸರಿದು, ದೊಡ್ಡ ಬ್ಯಾಟರಿಯೇ ಹೋಯಿತೋ ಏನೋ ಎಂಬ ಆತಂಕ ಮುಂದೆ ಬರುತ್ತದೆ. ಈ ಆತಂಕದಲ್ಲೇ ಮಾಲೀಕರು ಬೇಡದ ಖರ್ಚಿಗೆ ಒಪ್ಪಿಬಿಡುವುದುಂಟು. ದೀಪವು ತಪಾಸಣೆಗೆ ಕರೆ ಮಾತ್ರ, ತೀರ್ಪಲ್ಲ. ಆ ತಪಾಸಣೆಯ ಮೊದಲ ಹಂತವನ್ನು ಮನೆಯಲ್ಲೇ ಮಾಡಬಹುದು.

ಮೊದಲು ನೋಡಬೇಕಾದುದು ಬಣ್ಣ. ಕೆಂಪು ದೀಪ ಹೊತ್ತಿದರೆ ಸುರಕ್ಷಿತ ಸ್ಥಳದಲ್ಲಿ ಕಾರು ನಿಲ್ಲಿಸಬೇಕು; ಅಲ್ಲಿ ಪ್ರಯೋಗಗಳಿಗೆ ಎಡೆಯಿಲ್ಲ. ಹಳದಿ ದೀಪವಾದರೆ, ಕಾರು ಸಹಜವಾಗಿ ಓಡುತ್ತಿದ್ದಲ್ಲಿ, ನಿಧಾನವಾಗಿ ಮನೆ ಸೇರಿ ವಿಚಾರ ಮಾಡುವಷ್ಟು ಸಮಯ ಸಾಮಾನ್ಯವಾಗಿ ಇರುತ್ತದೆ. ಯಾವ ಚಿಹ್ನೆ, ಯಾವ ಸಂದೇಶ ಎಂಬುದನ್ನು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಂಡು, ಕಾರಿನೊಡನೆ ಬಂದ ಕೈಪಿಡಿಯಲ್ಲಿ ಹುಡುಕುವುದು ಒಳ್ಳೆಯದು. ಕೈಪಿಡಿ ಓದುವ ಅಭ್ಯಾಸ ನಮ್ಮಲ್ಲಿ ಕಡಿಮೆ ಎಂಬುದು ಬೇರೆ ಮಾತು.

ಇನ್ನು ಹೈಬ್ರಿಡ್ ಕಾರಿನ ಒಂದು ವಿಶೇಷ. ಇದರಲ್ಲಿ ಎರಡು ಬ್ಯಾಟರಿಗಳಿವೆ. ಚಕ್ರ ತಿರುಗಿಸಲು ನೆರವಾಗುವುದು ದೊಡ್ಡದು. ಎಲ್ಲ ಕಾರುಗಳಲ್ಲಿರುವಂಥ 12 ವೋಲ್ಟಿನದು ಚಿಕ್ಕದು. ಸಾಮಾನ್ಯ ಕಾರಿನಲ್ಲಿ ಈ ಚಿಕ್ಕ ಬ್ಯಾಟರಿ ಸೊರಗಿದರೆ ಸ್ಟಾರ್ಟರ್ ನರಳುವ ಸದ್ದಿನಿಂದಲೇ ನಮಗೆ ತಿಳಿಯುತ್ತದೆ. ಟೊಯೊಟಾ ಮಾದರಿಯ ಹೈಬ್ರಿಡ್‌ನಲ್ಲಿ ಆ ಸದ್ದೇ ಇಲ್ಲ. ಎಂಜಿನ್ನನ್ನು ಎಬ್ಬಿಸುವುದು ದೊಡ್ಡ ಬ್ಯಾಟರಿಯ ಮೋಟಾರು. ಚಿಕ್ಕದರ ಕೆಲಸ ಕಂಪ್ಯೂಟರುಗಳನ್ನು ಎಚ್ಚರಿಸಿ, ದೊಡ್ಡ ಬ್ಯಾಟರಿಯ ಸಂಪರ್ಕ ಕೊಡುವ ರಿಲೇಗಳನ್ನು ಮುಚ್ಚುವುದು. ಅದು ದುರ್ಬಲವಾದಾಗ ಕಂಪ್ಯೂಟರುಗಳು ಗೊಂದಲಗೊಂಡು, ಬ್ರೇಕು, ಸ್ಟೀರಿಂಗು, ಹೈಬ್ರಿಡ್ ವ್ಯವಸ್ಥೆ ಎಂದು ಹಲವು ದೀಪಗಳನ್ನು ಒಟ್ಟಿಗೇ ಹೊತ್ತಿಸಬಲ್ಲವು. ಬೇಸಿಗೆ ರಜೆಯಲ್ಲಿ ಊರಿಗೆ ಹೋಗಿ ತಿಂಗಳ ನಂತರ ಮರಳಿದವರು ಕಾಣುವ ದೀಪಾವಳಿಗೆ ಹೆಚ್ಚಾಗಿ ಇದೇ ಕಾರಣ.

ಇದನ್ನು ಪರೀಕ್ಷಿಸಲು ಸಾಧಾರಣ ಮಲ್ಟಿಮೀಟರ್ ಸಾಕು. ರಾತ್ರಿಯಿಡೀ ನಿಂತ ಕಾರಿನಲ್ಲಿ ಚಿಕ್ಕ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿದರೆ ಆರೋಗ್ಯ. 12ಕ್ಕಿಂತ ಕೆಳಗಿಳಿದಿದ್ದರೆ ಮೊದಲ ಅನುಮಾನ ಅದರ ಮೇಲೆಯೇ. ಕಾರು 'ರೆಡಿ' ಸ್ಥಿತಿಯಲ್ಲಿದ್ದಾಗ ಅಂಕಿ ಸಾಮಾನ್ಯವಾಗಿ 13ನ್ನು ದಾಟಿ 14ರ ಸುತ್ತ ಇರಬೇಕು. ಮುಚ್ಚಿದ ಗ್ಯಾರೇಜಿನಲ್ಲಿ ಮಾತ್ರ ಕಾರನ್ನು 'ರೆಡಿ'ಯಲ್ಲಿ ಬಿಡಬಾರದು. ಸದ್ದಿಲ್ಲದೆ ನಿಂತ ಕಾರಿನ ಎಂಜಿನ್ ತಾನಾಗಿಯೇ ಚಾಲೂ ಆಗುತ್ತದೆ, ಅದರ ಹೊಗೆಯಲ್ಲಿ ಪ್ರಾಣಾಪಾಯವಿದೆ.

ಬಳಿಕ ಸಂಕೇತಗಳನ್ನು ಓದುವ ಕೆಲಸ. ಸ್ಟೀರಿಂಗಿನ ಕೆಳಭಾಗದಲ್ಲಿ 16 ಪಿನ್ನುಗಳ ಓಬಿಡಿ ಎಂಬ ಕಿಂಡಿಯಿರುತ್ತದೆ. ಅಮೆರಿಕದಲ್ಲಿ 1996ರ ಮಾದರಿಯಿಂದ ಇದು ಕಡ್ಡಾಯವಾಯಿತು. ಇಂದಿನ ನಮ್ಮ ಕಾರುಗಳಲ್ಲೂ ಇದೆ. ಬ್ಲೂಟೂತ್ ಸ್ಕ್ಯಾನರನ್ನು ಅದಕ್ಕೆ ಸಿಕ್ಕಿಸಿದರೆ ದೋಷಸಂಕೇತಗಳು ಮೊಬೈಲಿನಲ್ಲಿ ಕಾಣುತ್ತವೆ. ಹೈಬ್ರಿಡ್ ಘಟಕಗಳನ್ನು ಓದಬಲ್ಲ ಆ್ಯಪ್ ಇಲ್ಲದಿದ್ದರೆ ಎಂಜಿನ್ನಿನ ಸಂಕೇತ ಮಾತ್ರ ಸಿಕ್ಕೀತು, ಗಮನವಿರಲಿ. ಸಂಕೇತದೊಡನೆ, ದೋಷ ಕಂಡ ಕ್ಷಣದ ವೇಗ, ಉಷ್ಣತೆ ಮೊದಲಾದ ದಾಖಲೆಯೂ ಇರುತ್ತದೆ. 'ಅಳಿಸು' ಎಂಬ ಗುಂಡಿಯನ್ನು ಒತ್ತಿದರೆ ಅವೆಲ್ಲ ಮಾಯ! ಬ್ಯಾಂಕಿನಲ್ಲಿ ಲೆಕ್ಕ ತಾಳೆಯಾಗದಿದ್ದಾಗ ಯಾರೂ ಲೆಡ್ಜರನ್ನು ಹರಿದೆಸೆಯುವುದಿಲ್ಲ. ಮೊದಲು ಬರೆದಿಟ್ಟುಕೊಳ್ಳಬೇಕು.

ಪಿ0ಎ80 ಎಂಬ ಸಂಕೇತವನ್ನೇ ನೋಡೋಣ. ಇದರ ವಿವರಣೆ 'ಹೈಬ್ರಿಡ್ ಬ್ಯಾಟರಿ ಬದಲಿಸಿ' ಎಂದೇ ಇದೆ. ಓದಿದವರ ಎದೆ ಧಸಕ್ಕೆನ್ನದೆ ಇರದು. 2010ರಲ್ಲಿ ಭಾರತಕ್ಕೆ ಬಂದ ಪ್ರಿಯಸ್‌ನ ಬ್ಯಾಟರಿಯಲ್ಲಿ 28 ಮಾಡ್ಯೂಲುಗಳು, ಒಟ್ಟು 201.6 ವೋಲ್ಟ್. ಕಂಪ್ಯೂಟರು ಇವುಗಳನ್ನು ಜೋಡಿಜೋಡಿಯಾಗಿ ಅಳೆಯುತ್ತದೆ. ಒಂದು ಜೋಡಿಯ ವೋಲ್ಟೇಜು ಉಳಿದವುಗಳಿಂದ ಬಹಳ ದೂರ ಸರಿದರೆ ಈ ಸಂಕೇತ ಹುಟ್ಟುತ್ತದೆ. ಬ್ಯಾಟರಿ ನಿಜವಾಗಿ ಮುಪ್ಪಾಗಿರಬಹುದು. ಒಂದೇ ಮಾಡ್ಯೂಲು ಕೆಟ್ಟಿರಬಹುದು, ತಾಮ್ರದ ಸಂಪರ್ಕಪಟ್ಟಿಗೆ ಕಿಲುಬು ಹಿಡಿದಿರಲೂಬಹುದು. ಜೋಡಿಗಳ ಅಂಕಿಗಳನ್ನು ನೋಡದೆ ಯಾವುದೆಂದು ಹೇಳಲಾಗದು. ಅಂಕಿಗಳನ್ನು ತೋರಿಸಿ ಎಂದು ಮೆಕ್ಯಾನಿಕರನ್ನು ಕೇಳುವ ಹಕ್ಕು ನಮಗಿದೆ.

ಮನೆಯಲ್ಲಿ ಮಾಡಬಹುದಾದ ಇನ್ನೊಂದು ಉಪಕಾರ, ಗಾಳಿಯ ಕಿಂಡಿಯ ಶುಚಿ. ಅನೇಕ ಹೈಬ್ರಿಡ್‌ಗಳಲ್ಲಿ ದೊಡ್ಡ ಬ್ಯಾಟರಿ ಕಾರಿನೊಳಗಿನ ಗಾಳಿಯಿಂದಲೇ ತಣ್ಣಗಾಗುತ್ತದೆ. ಪ್ರಿಯಸ್‌ನಲ್ಲಿ ಆ ಕಿಂಡಿ ಹಿಂದಿನ ಸೀಟಿನ ಪಕ್ಕದಲ್ಲಿದೆ. ಧೂಳು, ಕೂದಲು, ಅಜ್ಜಿಯ ಶಾಲು, ಮಕ್ಕಳ ಚೀಲ ಅದನ್ನು ಮುಚ್ಚಿದರೆ ಬ್ಯಾಟರಿ ಬಿಸಿಯಾಗುತ್ತದೆ. ಬಿಸಿ ಅದರ ಆಯುಷ್ಯವನ್ನು ತಿನ್ನುತ್ತದೆ.

ಇಲ್ಲಿಗೆ ನಮ್ಮ ಅಧಿಕಾರ ಮುಗಿಯುತ್ತದೆ. ಕಿತ್ತಳೆ ಬಣ್ಣದ ತಂತಿಗಳನ್ನು, ಅವು ಹೋಗುವ ಪೆಟ್ಟಿಗೆಗಳನ್ನು ಮುಟ್ಟಲೇಬಾರದು. ಕಾರು ಆಫ್ ಆದಮೇಲೂ ಇನ್ವರ್ಟರಿನೊಳಗೆ ಕೆಲಕಾಲ ಮಾರಕ ವಿದ್ಯುತ್ತು ಉಳಿದಿರುತ್ತದೆ. ಅದು ತರಬೇತಿ ಪಡೆದವರ ಕೆಲಸ. ಅವರ ಬಳಿಗೆ ಹೋಗುವಾಗ ದೀಪದ ಚಿತ್ರ, ಸಂಕೇತಗಳ ಪಟ್ಟಿ, ಚಿಕ್ಕ ಬ್ಯಾಟರಿಯ ಅಂಕಿ, ಜೊತೆಗೆ ವಾರಂಟಿ ಕಾಗದವನ್ನೂ ಒಯ್ಯಿರಿ. ದೊಡ್ಡ ಬ್ಯಾಟರಿಗೆ ಇಡೀ ಕಾರಿಗಿಂತ ದೀರ್ಘವಾದ ಪ್ರತ್ಯೇಕ ವಾರಂಟಿ ಇರುವುದುಂಟು; ಹಳೆಯ ಕಾರು ಕೊಂಡವರು ಅದರ ಅವಧಿಯನ್ನೂ ಕಿಲೋಮೀಟರನ್ನೂ ಮೊದಲೇ ನೋಡಿಟ್ಟುಕೊಳ್ಳಬೇಕು.