ಮಾರಾಟಕ್ಕೆ ಬಂದ ವಿಕ್ಟೋರಿಯಾ ಕಾಲದ ಮನೆ

ಹಳೆಯ ಮನೆಯೊಂದು ಮಾರಾಟಕ್ಕಿದೆ ಎಂದರೆ ಕೊಳ್ಳುವವರು ಮೊದಲು ವಿಚಾರಿಸುವುದು ನಿವೇಶನದ ಅಳತೆಯನ್ನು. ಲಂಡನ್ನಿನ ಕೆನ್ಸಿಂಗ್‌ಟನ್ನಿನಲ್ಲಿರುವ 18, ಸ್ಟಾಫರ್ಡ್ ಟೆರೇಸ್ ಎಂಬ ಮನೆಯ ವಿಷಯದಲ್ಲಿ ಮಾತ್ರ ಚಿಂತೆ ಬೇರೆಯೇ ಆಗಿತ್ತು. ಅಲ್ಲಿನ ಕುರ್ಚಿ, ಗಡಿಯಾರ, ಚಿತ್ರಗಳು ಮನೆಯಲ್ಲೇ ಉಳಿಯಬೇಕು, ಹರಾಜಿನಲ್ಲಿ ಚೆಲ್ಲಾಪಿಲ್ಲಿಯಾಗಬಾರದು.

ವಿಕ್ಟೋರಿಯಾ ರಾಣಿ ಆಳಿದ್ದು 1837ರಿಂದ 1901ರವರೆಗೆ. ಆ ಕಾಲದ ಮನೆಗಳು ಲಂಡನ್ನಿನಲ್ಲಿ ಬೀದಿಬೀದಿಗೂ ಇವೆ. ಆದರೆ ಒಳಗೆ ಕಾಲಿಟ್ಟರೆ ಹೊಸ ಅಡುಗೆಮನೆ, ಹೊಸ ಬಣ್ಣ! ಒಳಭಾಗವೂ ಇದ್ದ ಹಾಗೆಯೇ ಉಳಿದಿರುವುದು ತೀರ ಅಪರೂಪ.

ಈ ಮನೆಯ ಕಿಟಕಿಗಳನ್ನು ಗಮನಿಸಿ. ಅವು ಬಾಗಿಲಿನಂತೆ ತೆರೆಯುವುದಿಲ್ಲ, ಮೇಲೆ ಕೆಳಗೆ ಜಾರುತ್ತವೆ. ಚೌಕಟ್ಟಿನೊಳಗೆ ಅಡಗಿದ ರಾಟೆ, ಹಗ್ಗ ಮತ್ತು ತೂಕದ ಗುಂಡುಗಳು ಗಾಜಿನ ಭಾರವನ್ನು ಸರಿದೂಗಿಸುತ್ತವೆ. ಭೌತಶಾಸ್ತ್ರದ ತರಗತಿಯಲ್ಲಿ ನೀವು ಕಲಿತ ರಾಟೆಯೇ ಇದು. ಮೇಲಿನ ಅರ್ಧವನ್ನೂ ಕೆಳಗಿನ ಅರ್ಧವನ್ನೂ ಸ್ವಲ್ಪ ಸ್ವಲ್ಪ ತೆರೆದರೆ ಬಿಸಿಗಾಳಿ ಮೇಲಿನಿಂದ ಹೋಗಿ ತಂಗಾಳಿ ಕೆಳಗಿನಿಂದ ಬರುತ್ತದೆ. ಗಾಜಿನ ಮೇಲಿನ ಸುಂಕ 1845ರಲ್ಲಿ, ಕಿಟಕಿಗಳ ಮೇಲಿನ ತೆರಿಗೆ 1851ರಲ್ಲಿ ರದ್ದಾದವು. ಕಿಟಕಿಗೂ ತೆರಿಗೆಯೇ ಎಂದು ನೀವು ನಗಬಹುದು. ಅದನ್ನು ತಪ್ಪಿಸಿಕೊಳ್ಳಲು ಜನ ಕಿಟಕಿಗೇ ಇಟ್ಟಿಗೆ ಕಟ್ಟಿ ಮುಚ್ಚುತ್ತಿದ್ದರು.

1875ರಲ್ಲಿ ಇಲ್ಲಿಗೆ ಸಂಸಾರ ಸಮೇತ ಬಂದವನು 'ಪಂಚ್' ಪತ್ರಿಕೆಯ ವ್ಯಂಗ್ಯಚಿತ್ರಕಾರ ಲಿನ್ಲಿ ಸ್ಯಾಂಬೋರ್ನ್. ಗೋಡೆಯ ತುಂಬ ಚಿತ್ರಗಳು, ಮೇಜಿನ ತುಂಬ ಪಿಂಗಾಣಿ. ಇಂದಿನ ಕಣ್ಣಿಗೆ ಇದು ಅತಿಯಾಯಿತೆನಿಸಬಹುದು, ನನಗೂ ಹಾಗೆನಿಸುತ್ತದೆ. ಆದರೆ ಆ ಕಾಲದ ಮಧ್ಯಮವರ್ಗದ ಅಭಿರುಚಿ ಅದೇ.

ವ್ಯಂಗ್ಯಚಿತ್ರ ಬರೆಯಲು ಆತನಿಗೆ ಮಾದರಿಗಳು ಬೇಕಿದ್ದವು. ಮನೆಯವರನ್ನೂ ಕೆಲಸದವರನ್ನೂ ನಿಲ್ಲಿಸಿ ಛಾಯಾಚಿತ್ರ ತೆಗೆಯುತ್ತಿದ್ದ, ಕೆಲವೊಮ್ಮೆ ತಾನೇ ವೇಷ ಹಾಕಿ ನಿಲ್ಲುತ್ತಿದ್ದ. ಚಿತ್ರಗಳನ್ನು ಸಂಸ್ಕರಿಸಲು ಸ್ನಾನದ ಮನೆಯೇ ಪ್ರಯೋಗಶಾಲೆ. ಅವುಗಳಲ್ಲಿ ಅನೇಕವು ನೀಲಿ ಬಣ್ಣದವು. ಕಬ್ಬಿಣದ ಲವಣಗಳನ್ನು ಸವರಿದ ಕಾಗದಕ್ಕೆ ಬೆಳಕು ತಗುಲಿದ ಕಡೆ ಪ್ರಷ್ಯನ್ ನೀಲಿ ಉಂಟಾಗುತ್ತದೆ. ಉಳಿದ ಲವಣವನ್ನು ನೀರಿನಲ್ಲಿ ತೊಳೆದರೆ ಚಿತ್ರ ಸಿದ್ಧ. ಜಾನ್ ಹರ್ಶೆಲ್ 1842ರಲ್ಲಿ ಕಂಡುಹಿಡಿದ ವಿಧಾನವಿದು. ಎಂಜಿನಿಯರುಗಳ ನೀಲನಕ್ಷೆ ಎಂಬ ಮಾತು ಬಂದದ್ದೂ ಇದರಿಂದಲೇ.

ಸ್ಯಾಂಬೋರ್ನ್ 1910ರಲ್ಲಿ, ಪತ್ನಿ ಮೇರಿಯನ್ 1914ರಲ್ಲಿ ತೀರಿಕೊಂಡರು. ಅವಿವಾಹಿತ ಮಗ ರಾಯ್ 1946ರವರೆಗೆ ಹೆಚ್ಚೇನೂ ಬದಲಿಸದೆ ಅಲ್ಲೇ ಬಾಳಿದ. ಮನೆ ಉಳಿದದ್ದು ಮೊದಲು ಈ ಸುಮ್ಮನಿರುವಿಕೆಯಿಂದ. ಮುಂದೆ ಮೊಮ್ಮಗಳು, ರಾಸ್‌ನ ಕೌಂಟೆಸ್ ಆ್ಯನ್, 1957ರಲ್ಲಿ ಇದೇ ಮನೆಯಲ್ಲಿ ಸಮಾನಮನಸ್ಕರನ್ನು ಸೇರಿಸಿದರು. ಕವಿ ಜಾನ್ ಬೆಜಮನ್ ಕೂಡ ಅವರಲ್ಲೊಬ್ಬರು. 1958ರಲ್ಲಿ ವಿಕ್ಟೋರಿಯನ್ ಸೊಸೈಟಿ ಹುಟ್ಟಿತು. ವಿಕ್ಟೋರಿಯಾ ಕಾಲದ ಕಟ್ಟಡವೆಂದರೆ ಕುರೂಪ, ಕೆಡವಿದರೂ ನಷ್ಟವಿಲ್ಲ ಎನ್ನುತ್ತಿದ್ದ ದಿನಗಳವು. ಸೊಸೈಟಿ ಹೋರಾಡಿದರೂ ಯೂಸ್ಟನ್ ರೈಲು ನಿಲ್ದಾಣದ ಭವ್ಯ ಕಮಾನು ಉಳಿಯಲಿಲ್ಲ.

ಈ ಮನೆ ಉಳಿಯಿತು. 1980ರಲ್ಲಿ ಆ್ಯನ್ ಅದನ್ನು ಮಾರಿದ್ದು ಅಂದಿನ ಗ್ರೇಟರ್ ಲಂಡನ್ ಕೌನ್ಸಿಲ್‌ಗೆ. ಒಳಗಿನ ಸಾಮಾನೂ ಚದುರಿಹೋಗಲಿಲ್ಲ. ಇಂದು ಅದು ವಸ್ತುಸಂಗ್ರಹಾಲಯ. ಸ್ಯಾಂಬೋರ್ನನ ಚಿತ್ರಗಳು ಅವನದೇ ಗೋಡೆಗಳ ಮೇಲಿವೆ.