ಡ್ಯಾಶ್‌ಕ್ಯಾಮ್ ವಿಡಿಯೊ ಕಳಿಸಿದ ಮೇಲೆ ಏನಾಗುತ್ತೆ?

ನಮ್ಮೂರು ಅಗರ. ಯಳಂದೂರು, ಕೊಳ್ಳೇಗಾಲದ ಕಡೆ ಓಡಾಡೋ ಕಾರುಗಳಲ್ಲೂ ಈಗ ಕನ್ನಡಿ ಹಿಂದೆ ಪುಟ್ಟ ಕ್ಯಾಮೆರಾ ಕಾಣಿಸುತ್ತೆ. ತಿರುವಿನಲ್ಲಿ ಓವರ್‌ಟೇಕ್ ಮಾಡಿದವರ ವಿಡಿಯೊ, ನಂಬರ್ ಪ್ಲೇಟ್ ಸಮೇತ, ಸಂಜೆಯೊಳಗೆ ವಾಟ್ಸಾಪ್ ಗ್ರೂಪಿಗೆ ಬಂದಿರುತ್ತೆ. ಕೆಳಗೆ "ಇವನಿಗೆ ಫೈನ್ ಹಾಕ್ಸಿ" ಅಂತ ಹತ್ತು ಮೆಸೇಜು. ಆದರೆ ಅದು ಪೊಲೀಸರನ್ನು ತಲುಪಿದ ಮೇಲೆ ಏನಾಗುತ್ತೆ ಅಂತ ಗ್ರೂಪಿನಲ್ಲಿ ಯಾರಿಗೂ ಗೊತ್ತಿರಲ್ಲ.

ಬೆಂಗಳೂರಿನಲ್ಲಿ ಇದು ಹಳೆಯ ವಿಷಯ. 2015ರಲ್ಲಿ ಸಂಚಾರ ಪೊಲೀಸರು ಜನಾಗ್ರಹ ಸಂಸ್ಥೆಯ ಜೊತೆ ಸೇರಿ 'ಪಬ್ಲಿಕ್ ಐ' ಆ್ಯಪ್ ತಂದರು. ಈಗ ಅದೇ ಕೆಲಸ 'ಅಸ್ತ್ರಂ' ಆ್ಯಪ್‌ನಲ್ಲಿದೆ. ನಾವು ಕಳಿಸ್ತೀವಿ, ಪೊಲೀಸರು ಪರಿಶೀಲಿಸಿ ವಾಹನದ ಮಾಲೀಕರಿಗೆ ನೋಟಿಸ್ ಕೊಡ್ತಾರೆ. 'ಪರಿಶೀಲಿಸಿ' ಅನ್ನೋದೇ ಇಲ್ಲಿ ಮುಖ್ಯ. 2021ರ ಆಗಸ್ಟ್‌ನಲ್ಲಿ ಬಂದ ಕೇಂದ್ರ ಮೋಟಾರು ವಾಹನ ನಿಯಮ 167ಎ ಡ್ಯಾಶ್‌ಬೋರ್ಡ್ ಕ್ಯಾಮೆರಾವನ್ನೂ ಹೆಸರಿಸುತ್ತೆ ನಿಜ, ಆದರೆ ಪ್ರಮಾಣಪತ್ರ ಪಡೆದು ವರ್ಷವರ್ಷ ನವೀಕರಿಸಿದ ಸಾಧನಗಳನ್ನು ಮಾತ್ರ. ನಾವು ಆನ್‌ಲೈನಲ್ಲಿ ತರಿಸಿದ ಕ್ಯಾಮೆರಾ ಆ ಲೆಕ್ಕಕ್ಕೆ ಬರಲ್ಲ. ಅದರ ವಿಡಿಯೊ ಒಂದು ದೂರು, ತೀರ್ಪಲ್ಲ.

ಇನ್ನೊಂದು ತುದಿಯಲ್ಲಿ ಇರೋರನ್ನೂ ನೋಡಿ. ನಮ್ಮ ದೊಡ್ಡಪ್ಪನಿಗೆ ಒಮ್ಮೆ ಇಂಗ್ಲಿಷಿನಲ್ಲಿ ಮೆಸೇಜ್ ಬಂತು: ಹೆಲ್ಮೆಟ್ ಇಲ್ಲ, ದಂಡ ಕಟ್ಟಿ. ಜಾಗ ನೋಡಿದ್ರೆ ಅವರು ಯಾವತ್ತೂ ಗಾಡಿ ಓಡಿಸದ ಊರು. ಫೋಟೊ ತೆಗೆದು ನೋಡಿದಾಗ ಅದರಲ್ಲಿದ್ದದ್ದು ಸ್ಕೂಟರ್, ಇವರದು ಬೈಕು. ಪ್ಲೇಟಿನ 3 ಯಾರಿಗೋ 8 ಆಗಿ ಕಂಡಿತ್ತು. ಆಕ್ಷೇಪ ಎಲ್ಲಿ ಹೇಳಬೇಕು ಅಂತ ಆ ಮೆಸೇಜಿನಲ್ಲಿ ಒಂದು ಸಾಲೂ ಇರಲಿಲ್ಲ. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಶೇ. 50 ರಿಯಾಯಿತಿ ಕೊಟ್ಟ ಸುದ್ದಿ ಮಾತ್ರ ನಮ್ಮ ಬೀದಿಯಲ್ಲಿ ಎಲ್ಲರಿಗೂ ಗೊತ್ತಿತ್ತು!

ನಂಬರ್ ಸರಿಯಿದ್ರೂ ಕಥೆ ಮುಗಿಯಲ್ಲ. ಹಳ್ಳಿಯಲ್ಲಿ ಒಂದೇ ಬೈಕನ್ನ ಅಣ್ಣ, ಭಾವ, ಪಕ್ಕದ ಮನೆಯವರು ಎಲ್ಲರೂ ಓಡಿಸ್ತಾರೆ. ನೋಟಿಸ್ ಹೋಗೋದು ಮಾಲೀಕರಿಗೆ. ಓಡಿಸಿದ್ದು ಯಾರು ಅಂತ ಕೇಳಿದರೆ ಮೋಟಾರು ವಾಹನ ಕಾಯ್ದೆಯ 133ನೇ ಕಲಂ ಪ್ರಕಾರ ಅವರು ಹೇಳಬೇಕು. ಅಷ್ಟರೊಳಗೆ ಗ್ರೂಪಿನಲ್ಲಿ ಆ ನಂಬರಿನ ಮನೆಯವರಿಗೆಲ್ಲ ಬೈದು ಮುಗಿದಿರುತ್ತೆ.

167ಎ ಪ್ರಕಾರ ಚಲನ್ ಜೊತೆ ಸ್ಪಷ್ಟ ಫೋಟೊ, ದಿನ, ಸಮಯ, ಜಾಗ, ಯಾವ ಕಲಂ ಅನ್ನೋದೆಲ್ಲ ಇರಬೇಕು. ನನ್ನ ಪ್ರಕಾರ ಜನರ ದೂರಿನ ಮೇಲೆ ಕೊಡೋ ನೋಟಿಸಿಗೂ ಅಷ್ಟೇ ವಿವರ ಬೇಕು, ಕನ್ನಡದಲ್ಲಿ, ಆಕ್ಷೇಪದ ದಾರಿ ಸಮೇತ. ದೂರು ಕೊಟ್ಟವರಿಗೂ ಉತ್ತರ ಬೇಕು: ನೋಟಿಸ್ ಹೋಯ್ತಾ, ಕೈಬಿಟ್ರಾ, ಬಿಟ್ಟಿದ್ರೆ ಯಾಕೆ. "ಪ್ಲೇಟ್ ಮಸುಕು" ಅಂತ ಎರಡು ಪದ ಬರೆದರೂ ಸಾಕು, ಮುಂದಿನ ಸಲ ಸರಿಯಾಗಿ ಕಳಿಸ್ತಾರೆ. ಇನ್ನು ಸಾರ್ವಜನಿಕ ಅಂಕಿಅಂಶ ಕೊಡುವಾಗ ಬಂದ ದೂರು, ಹೋದ ನೋಟಿಸ್, ಸಾಬೀತಾದ ತಪ್ಪು, ಇವನ್ನ ಬೇರೆ ಬೇರೆಯಾಗೇ ತೋರಿಸಬೇಕು. ಮೂರನ್ನೂ ಕಲಸಿ "ಇಷ್ಟು ತಪ್ಪಿತಸ್ಥರು" ಅಂದ್ರೆ ನಮ್ಮ ದೊಡ್ಡಪ್ಪನೂ ಅದರಲ್ಲಿ ಒಬ್ಬರಾಗ್ತಾರೆ.

ಕಳಿಸೋರು ಕ್ಲಿಪ್ ಕತ್ತರಿಸದೆ ಪೂರ್ತಿ ಇಟ್ಕೊಳ್ಳಿ. 2024ರ ಜುಲೈ 1ರಿಂದ ಜಾರಿಯಲ್ಲಿರೋ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಕೋರ್ಟಿಗೆ ಹೋಗೋ ವಿಡಿಯೊ ಜೊತೆ ಪ್ರಮಾಣಪತ್ರ ಬೇಕಾಗುತ್ತೆ. ಹಾಗೇ ಕ್ಯಾಮೆರಾದ ಗಡಿಯಾರ ಒಮ್ಮೆ ನೋಡಿ. ನಮ್ಮ ಹಾಸ್ಟೆಲ್ ಗೆಳೆಯನ ಕಾರಿನದು ಇನ್ನೂ 2019ರ ಜನವರಿ 1ರಲ್ಲೇ ಇದೆ.